ಸಿಯೊನ್‌ಗೆ ಕೊಟ್ಟ ಕೋಲು

ತೊಮೊಎ,

ಕಳಿಸುವ ಧೈರ್ಯವಿಲ್ಲ, ಆದರೂ ಬರೆಯುತ್ತಿದ್ದೇನೆ. ಇವತ್ತು ಒಸಾಕಾದಲ್ಲಿ ಏಷ್ಯಾ ಮಟ್ಟದ ಪೋಲ್ ವಾಲ್ಟ್, ನಮ್ಮ ಕೋಲು ಜಿಗಿತದ ಸ್ಪರ್ಧೆ ಇತ್ತು. ಕೊರಿಯಾದ ಸಿಯೊನ್‌ಳ ಕೋಲುಗಳು ವಿಮಾನದಲ್ಲಿ ಬಂದಿರಲಿಲ್ಲ.

"ಅಕ್ಕಾ, ನಿಮ್ದೊಂದು ಕೊಡ್ತೀರಾ?" ಎಂದು ಕೇಳಿದಳು. ಕೊಟ್ಟೆ. ಅದರಲ್ಲೇ ನಾಲ್ಕೂವರೆ ಮೀಟರ್ ದಾಟಿ ಚಿನ್ನ ಗೆದ್ದಳು. ನನಗೆ ಬೆಳ್ಳಿ.

ಕೋಚ್ ಕುಸಾಕಾಬೆ ಸರ್ ಹಣೆ ಚಚ್ಚಿಕೊಂಡರು. "ತಲೆ ಕೆಟ್ಟಿದ್ಯೇನೇ ನಿಂಗೆ? ಇದು ನಿನ್ ಕೊನೇ ಸ್ಪರ್ಧೆ ಅಲ್ವಾ?"

"ಅದಕ್ಕೇ ಕೊಟ್ಟೆ ಸರ್" ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಹನ್ನೊಂದು ವರ್ಷದ ಹಿಂದೆ ದೋಹಾದಲ್ಲಿ ನಿನ್ನ ಕೋಲು ಮುರಿದಾಗ ನೀನೂ ಹೀಗೇ ಕೇಳಿದ್ದೆ. "ನಿನ್ ತೂಕಕ್ಕೆ ನಂದು ಆಗಲ್ಲ ಕಣೇ" ಅಂದುಬಿಟ್ಟೆ ನಾನು. ನೀನು ನನಗೆ ಶುಭ ಹಾರೈಸಿ ಹೊರಟೆ. ಮತ್ತೆಂದೂ ಮೈದಾನಕ್ಕೆ ಬರಲಿಲ್ಲ.

ಆಗ ನಾವಿಬ್ಬರೂ ಐವತ್ನಾಲ್ಕು ಕಿಲೋ ಇದ್ದೆವು. ಅದು ನಿನಗೂ ಗೊತ್ತಿತ್ತು.

ಚಿಗುಸಾ