ಡಬ್ಬಿಯ ಮೇಲಿನ ಅರ್ಧ ವಾಕ್ಯ

ಭಾನುವಾರ, ಮಧ್ಯಾಹ್ನ

ಒಂದು ಕಾಲದ ನನ್ನವರಿಗೆ,

ನಿಮ್ಮ ಪತ್ರ ತಲುಪಿತು. ಮನೆ ಬಿಟ್ಟು ಬಂದ ಹೆಂಡತಿಯ ಕೆಮ್ಮು, ಬಾಡಿಗೆ ಕೋಣೆಯ ಗಾಳಿ ಬೆಳಕು, ಎಲ್ಲವನ್ನೂ ಅಕ್ಕರೆಯಿಂದ ವಿಚಾರಿಸಿದ್ದೀರಿ. ಓದುತ್ತಾ ಮನಸ್ಸು ಸ್ವಲ್ಪ ಕರಗಿದ್ದೂ ನಿಜ. ಪುಟ ತಿರುಗಿಸಿದ ಮೇಲೆ ಅಸಲು ವಿಷಯ ಸಿಕ್ಕಿತು. ದೊಡ್ಡ ಕಂಪನಿಯೊಂದು ನಿಮ್ಮ ಬೇರಿನ ಪುಡಿಯ ವ್ಯಾಪಾರವನ್ನೇ ಕೊಳ್ಳಲು ಬಂದಿದೆ, ಪುಡಿಯಿಂದ ಅಪಾಯವಿಲ್ಲ ಎಂದು ನಾನು ಸಹಿ ಹಾಕಿಕೊಡಬೇಕು. ಕೆಮ್ಮು ವಾಸಿಯಾಗಿದೆ. ಸಹಿ ಹಾಕುವುದಿಲ್ಲ.

‘ನೀನು’ ಎಂದೇ ಬರೆಯಲು ಕೂತೆ, ಕೈ ಏಳಲಿಲ್ಲ. ಮದುವೆಯಾದ ಹೊಸದರಲ್ಲಿ ‘ನೀವು’ ಎಂದರೆ ಮುನಿಸಿಕೊಳ್ಳುತ್ತಿದ್ದಿರಿ. ಈಗ ಮುನಿಸಿಕೊಳ್ಳಿ.

ನಾನು ನಿಮ್ಮ ಏಳಿಗೆ ಸಹಿಸದವಳು ಎಂದು ನೆಂಟರೆದುರು ಹೇಳಿಕೊಂಡು ತಿರುಗುತ್ತಿದ್ದೀರಂತೆ. ಅತ್ತೆ ಸುಸ್ತಾದವರಿಗೆಲ್ಲ ಆ ಬೇರನ್ನು ಕುಟ್ಟಿ ಕೊಡುತ್ತಿದ್ದಾಗ, ಅದನ್ನು ಜರಡಿ ಹಿಡಿಯುತ್ತಿದ್ದವಳು ನಾನು. ಹಿಂದಿನ ಶೆಡ್ಡಿಗೆ ಮೊದಲ ಯಂತ್ರ ಬಂದಾಗ, ಡಬ್ಬಿಯ ಮೇಲೆ ಅತ್ತೆಯ ನಗುಮುಖ ಅಚ್ಚಾದಾಗ, ನಿಮಗಿಂತ ಹೆಚ್ಚು ಕುಣಿದವಳೂ ನಾನೇ. ಪುಡಿಯನ್ನು ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ತಂದವರು ನೀವು. ‘ಒಂದ್ಸಲ ನೋಡಿಬಿಡೇ, ಲ್ಯಾಬಲ್ಲಿ ಪಾಸಾಯ್ತು ಅಂತ ಹಾಕ್ಕೋಬಹುದು. ಗಿಡದ್ದು ತಾನೇ, ಏನಾಗುತ್ತೆ?’ ಎಂದಿರಿ.

ನೋಡಿದೆ. ಮನುಷ್ಯರ ರಕ್ತದ ಜೀವಕೋಶಗಳಿಗೆ ನಿಮ್ಮ ಬೇರಿನ ಸಾರ ಹಾಕಿ, ಗಾಜಿನ ಪಟ್ಟಿಯ ಮೇಲೆ ಹರಡಿ, ವಿದ್ಯುತ್ ಹರಿಸಿದೆ. ಕೋಶದೊಳಗಿನ ವಂಶವಾಹಿಯ ಎಳೆ ಗಟ್ಟಿಯಿದ್ದರೆ ದುಂಡಗೆ ಕೂತಿರುತ್ತದೆ. ತುಂಡಾಗಿದ್ದರೆ ಚೂರುಗಳು ಹೊರಗೆ ಹರಿದು ಕೋಶ ಬಾಲಚುಕ್ಕಿಯಂತೆ ಕಾಣುತ್ತದೆ. ಸೂಕ್ಷ್ಮದರ್ಶಕದೊಳಗೆ ಬರೀ ಬಾಲಗಳು. ನನ್ನದೇ ಕೈತಪ್ಪಿರಲಿ ಎಂದು ಹಾರೈಸಿ ಬೇರೆ ಮೂಟೆಯ ಪುಡಿ ತಂದು ಮತ್ತೆ ಮಾಡಿದೆ. ಯಾವ ಪಟ್ಟಿ ಯಾವುದೆಂದು ತಿಳಿಸದೆ ಗೆಳತಿಯಿಂದ ಎಣಿಕೆ ಮಾಡಿಸಿದೆ. ಸಾರ ಹೆಚ್ಚಿದಷ್ಟೂ ಬಾಲ ಉದ್ದವಾಗುತ್ತಿತ್ತು.

ವರದಿಯಲ್ಲಿ ಹೀಗೆ ಬರೆದಿದ್ದೆ: ‘ಇಷ್ಟರಿಂದಲೇ ಈ ಪುಡಿ ಮನುಷ್ಯರಿಗೆ ಹಾನಿಕರ ಎನ್ನಲಾಗದು, ಆದರೆ ವಂಶವಾಹಿಗೆ ಪೆಟ್ಟು ಬೀಳುವುದು ಸ್ಪಷ್ಟವಾಗಿರುವುದರಿಂದ ಮುಂದಿನ ಪರೀಕ್ಷೆಗಳು ಮುಗಿಯುವವರೆಗೆ ಮಾರಾಟ ನಿಲ್ಲಿಸಬೇಕು.’ ಗಾಜಿನ ಮೇಲಿನ ಕೋಶ ಬೇರೆ, ಉಸಿರಾಡುವ ಮನುಷ್ಯ ಬೇರೆ. ಗೊತ್ತಿರುವುದಕ್ಕಿಂತ ಒಂದಕ್ಷರ ಹೆಚ್ಚು ಹೇಳಬಾರದು ಎಂಬುದು ನನ್ನ ಕೆಲಸದ ಮರ್ಯಾದೆ. ಆ ಮರ್ಯಾದೆಯನ್ನೇ ನೀವು ಮಾರಿದಿರಿ. ಹೊಸ ಡಬ್ಬಿಗಳು ಬಂದಾಗ ಅತ್ತೆಯ ಮುಖದ ಕೆಳಗೆ ನನ್ನ ಹೆಸರು, ಪದವಿ, ಆ ವಾಕ್ಯದ ಮೊದಲ ಅರ್ಧ. ಕೇಳಿದರೆ, ‘ನೀನೇ ಬರೆದಿದ್ದಲ್ವಾ? ಒಂದಕ್ಷರ ಬದಲಾಯಿಸಿದ್ದೀನಾ?’ ಎಂದಿರಿ. ಇಲ್ಲ, ಬದಲಾಯಿಸಿರಲಿಲ್ಲ. ನಾನು ಅಲ್ಪವಿರಾಮ ಹಾಕಿದ ಕಡೆ ನೀವು ಪೂರ್ಣವಿರಾಮ ಹಾಕಿದ್ದಿರಿ, ಅಷ್ಟೇ.

ಅಂದೇ ಬಟ್ಟೆ ತುಂಬಿಕೊಂಡು ಹೊರಟೆ. ನೀವು ಬಾಗಿಲವರೆಗೂ ಬರಲಿಲ್ಲ, ಫೋನಿನಲ್ಲಿ ಯಾರಿಗೋ ದರ ಹೇಳುತ್ತಿದ್ದಿರಿ.

ನಿಮಗೆ ಗೊತ್ತಿಲ್ಲದ್ದು ಮುಂದಿನದು. ಕೆಲವು ವಾರಗಳ ಮೇಲೆ ಅತ್ತೆ ಪ್ರಯೋಗಾಲಯಕ್ಕೆ ಬಂದರು. ಜಗಳಕ್ಕೇ ಬಂದಿದ್ದರು. ‘ನಮ್ಮಮ್ಮ ಕುಡಿದ್ರು, ನಾನು ಕುಡಿದೆ, ಗುಂಡುಕಲ್ಲಿನ ಹಾಗಿದ್ದೀನಿ. ನೀನೇನಮ್ಮ ಕಂಡಿದ್ದು?’ ಎಂದು ಎಲ್ಲರೆದುರು ಕೂಗಿದರು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಮೊದಲು ನೀರು ಹಾಕಿದ ಕೋಶಗಳು, ಆಮೇಲೆ ಪುಡಿಯ ಸಾರ ಹಾಕಿದವು. ತುಂಬ ಹೊತ್ತು ಬಗ್ಗಿ ನೋಡಿದರು. ತಲೆಯೆತ್ತಿದಾಗ ಮುಖದಲ್ಲಿ ಜಗಳವಿರಲಿಲ್ಲ.

‘ನಿನ್ನ ನಾದಿನಿ ಬಸುರಿ ಇದ್ದಾಗ ನಾನೇ ಕೈಯಾರೆ ಕಲಸಿ ಕೊಡ್ತಿದ್ದೆ ಕಣೇ. ಮಗು ಉಳೀಲಿಲ್ಲ. ಇದಕ್ಕೇನಾ?’

‘ಗೊತ್ತಿಲ್ಲ ಅತ್ತೆ’ ಎಂದೆ.

‘ಹೌದು ಅನ್ನು, ಇಲ್ಲ ಅನ್ನು. ಗೊತ್ತಿಲ್ಲ ಅನ್ಬೇಡ.’

ಮತ್ತೆ ಅದನ್ನೇ ಹೇಳಬೇಕಾಯಿತು. ಅವರು ನನ್ನ ಕೋಟಿನ ತೋಳು ಹಿಡಿದು ಅತ್ತರು. ನನಗೆ ಗೊತ್ತಿಲ್ಲ ಎಂಬ ಮಾತು ನಿಮಗೆ ಜಾಹೀರಾತಾಯಿತು, ನಿಮ್ಮನ್ನು ಹೆತ್ತವಳ ನಿದ್ದೆಯನ್ನು ಅದು ಕಿತ್ತುಕೊಂಡಿತು. ನೀವು ಅದನ್ನು ಕೇಳಲೂ ಇಲ್ಲ, ನೋಡಲೂ ಇಲ್ಲ. ಡಬ್ಬಿಯಿಂದ ತಮ್ಮ ಮುಖ ತೆಗೆಸು ಎಂದು ಅವರು ಅಂಗಲಾಚಿದಾಗ, ಮುಖ ಚೆನ್ನಾಗಿಯೇ ಬಂದಿದೆಯಲ್ಲಮ್ಮ ಎಂದು ನಕ್ಕಿರಂತೆ.

ಆ ನಗುವನ್ನೇ ಮೆಚ್ಚಿ ನಿಮ್ಮನ್ನು ಮದುವೆಯಾದವಳು ನಾನು. ಇನ್ನು ಬರೆಯಬೇಡಿ.

ಇಂತು,
ನಿಮ್ಮ ಎಂದು ಬರೆದು ಹೊಡೆದು ಹಾಕಿದವಳು

ತಾ.ಕ.: ಅತ್ತೆ ಚಿಕ್ಕಮ್ಮನ ಮನೆಯಲ್ಲಿ ಆರಾಮಾಗಿದ್ದಾರೆ ಎಂದು ಬರೆದಿದ್ದೀರಿ. ಒಮ್ಮೆಯಾದರೂ ಅಲ್ಲಿಗೆ ಫೋನ್ ಮಾಡಿದ್ದರೆ, ಅವರು ನನ್ನ ಜೊತೆಯಲ್ಲಿರುವುದು ತಿಳಿಯುತ್ತಿತ್ತು. ಆ ದೊಡ್ಡ ಕಂಪನಿಗೆ ಪೂರ್ತಿ ವರದಿಯನ್ನು ನಿನ್ನೆ ಅಂಚೆಗೆ ಹಾಕಿ ಬಂದವರು ಅವರೇ. ನಿಮಗೇನಾದರೂ ಬರೆಯಲೇ ಎಂದು ಈಗಷ್ಟೇ ಕೇಳಿದೆ. ‘ಅವನೂ ದಿನಾ ಬೆಳಿಗ್ಗೆ ಅದನ್ನೇ ಕುಡೀತಾನೆ, ಬಿಟ್ಟುಬಿಡಪ್ಪಾ ಅಂತ ಬರಿ’ ಎಂದರು. ವರದಿ ಓದಿದ ಮರುದಿನದಿಂದಲೇ ನೀವು ಅದನ್ನು ಬಾಯಿಗೆ ಹಾಕಿಲ್ಲ ಎಂಬುದನ್ನು ನಾನು ಅವರಿಗೆ ಹೇಳಿಲ್ಲ.