ನಕ್ಷತ್ರದ ಅಂಚು

ವೀರೇಶಣ್ಣ,

ನೀನು ತೀರಿಕೊಂಡು ತಿಂಗಳಾಯಿತು. ಇವತ್ತು ನಿನ್ನ ಮಗಳು ಸುಶ್ಮಿತಾ ನಿನ್ನ ಫೋನು ತಂದಿದ್ದಳು. ನನ್ನ ಇಮೇಲನ್ನು ಅದು ನಿನಗೆ ಹೇಗೆ ಓದಿ ಹೇಳುತ್ತಿತ್ತೋ ಹಾಗೇ ನನಗೂ ಕೇಳಿಸಿದಳು.

ಸೀರೆ ನೇಯುವ ಕೈ ನನ್ನದು. ಪತ್ರ ಬೋಳಾಗಿ ಕಾಣಬಾರದೆಂದು ಮೇಲೆ, ಕೆಳಗೆ ಸಾಲಾಗಿ ನಕ್ಷತ್ರದ ಗುರುತು ಒತ್ತಿ ಅಂಚು ಹಾಕುತ್ತಿದ್ದೆ. ಫೋನು "ಸ್ಟಾರ್, ಸ್ಟಾರ್" ಎಂದು ನಲವತ್ತು ಸಲ ಕೂಗಿದ ಮೇಲೆ "ಅಣ್ಣಾ" ಅಂದಿತು. ಐದನೇ ಇಯತ್ತೆಗೇ ಶಾಲೆ ಬಿಟ್ಟವಳು, ನನಗೇನು ಗೊತ್ತು? ಕಣ್ಣಿಲ್ಲದ ನಿನಗೆ ಎಷ್ಟು ಕಾಟ ಕೊಟ್ಟೆನೋ ಎಂದು ಸುಶ್ಮಿತಾಳನ್ನೇ ಕೇಳಿದೆ.

"ನಿಮ್ಮಪ್ಪ ಬೈತಿದ್ನೇನ?"

"ಇಲ್ಲ ಅತ್ತಿ. ನಾ ಮುಂದ ಸರಸ್ಲೇನು ಅಂದ್ರ, 'ತಡಿಯವ್ವಾ, ನನ್ನ ತಂಗಿ ಇನ್ನಾ ಅಂಚು ನೇಯಾಕತ್ತಾಳ' ಅಂತಿದ್ದ."

ನನ್ನ ಇಳಕಲ್ಲಿನಿಂದ ನಿನ್ನ ಬಾಗಲಕೋಟೆಗೆ ಬಸ್ಸಿನಲ್ಲಿ ಎರಡೇ ತಾಸು, ಅಣ್ಣಾ. ಆದರೂ ನಾನು ಬರದೆ ಇಮೇಲನ್ನೇ ಕಳಿಸುತ್ತಿದ್ದೆ.