ಪೊದೆಯಿಂದ ಹಾರುವವಳ ಅಹವಾಲು

ಹುಬ್ಬಳ್ಳಿ,
ಫೆಬ್ರವರಿ ಮೂವತ್ತೊಂದು, ಇಸವಿ ಎರಡು ಸಾವಿರದ ನಾನೂರ ಹದಿನೆಂಟು

ಹಿಂದಿನ ಕಾಲದ ಆಟಗಾರರಿಗೆ ನೀಲವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ ಕಾಗದ ಎಸೆಯಬೇಡಿ. ಫೆಬ್ರವರಿಯಲ್ಲಿ ಹುಟ್ಟಿದವರೆಲ್ಲ ತಮ್ಮ ತಿಂಗಳಿಗೆ ಅನ್ಯಾಯವಾಗಿದೆ ಎಂದು ತಲೆಮಾರುಗಟ್ಟಲೆ ಧರಣಿ ಕೂತು, ಕೊನೆಗೂ ಅದನ್ನು ಜನವರಿಯಷ್ಟೇ ಉದ್ದ ಮಾಡಿಸಿಕೊಂಡರು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆ ಇರಲಿ. ನಮ್ಮ ಕಾಲದ ಕನ್ನಡ ನಿಮಗೆ ತಿಳಿಯುವುದಿಲ್ಲವೆಂದು, ಹಳೆಗನ್ನಡ, ಅಂದರೆ ನಿಮ್ಮ ಕನ್ನಡ, ಓದಿಕೊಂಡ ಮಾಸ್ತರರೊಬ್ಬರಿಂದ ಇದನ್ನು ತಿದ್ದಿಸಿದ್ದೇನೆ. ಹಿಂದಂಚೆ, ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು, ಬೈಗುಳ ಇರುವ ಕಾಗದವನ್ನು ಒಯ್ಯುವುದಿಲ್ಲ. ಹಾಗಾಗಿ ನನ್ನ ಸಿಟ್ಟಿನಲ್ಲಿ ಅರ್ಧದಷ್ಟನ್ನು ನೀವೇ ಊಹಿಸಿಕೊಳ್ಳಬೇಕು.

ವಿಷಯ ಇಷ್ಟು. ಕಥೆಯ ನಾಯಕನಾಗಿ ಊರಿಂದೂರಿಗೆ ನಡೆಯುವ ನಿಮ್ಮ ವಿಡಿಯೋ ಗೇಮ್‌ಗಳಲ್ಲಿ ದಾರಿಯುದ್ದಕ್ಕೂ ಎದುರಾಗುವ ಚಿಲ್ಲರೆ ಶತ್ರುಗಳು ಬೇಕೋ ಬೇಡವೋ, ಆ ಹೊಡೆದಾಟದಿಂದ ಪ್ರಯೋಜನ ಉಂಟೋ ಇಲ್ಲವೋ ಎಂದು ನೀವು ವಾದ ಮಾಡುತ್ತಿದ್ದೀರಂತೆ. ಅದೇ ವಾದ ನಮ್ಮೂರಿಗೂ ಬಂದು, ನನ್ನ ಕೆಲಸಕ್ಕೇ ಸಂಚಕಾರ ತಂದಿತ್ತು. ಏಕೆಂದರೆ ನಾನೇ ಆ ಚಿಲ್ಲರೆ ಶತ್ರು.

ನಮ್ಮಲ್ಲಿ ಈ ಆಟಕ್ಕೆ ಹಾದಿಯಾಟ ಎನ್ನುತ್ತೇವೆ. ಕೂಸುಗಳಿಗೆ ಕಟ್ಟುವ ಹಾಗೆ ಗದ್ದದ ಕೆಳಗೆ ದಾರ ಕಟ್ಟಿಕೊಳ್ಳುವ ಕುಲಾವಿಯೊಂದನ್ನು ತಲೆಗೆ ಹಾಕಿ ದಾರ ಬಿಗಿದರೆ ಸಾಕು, ಆಟದೊಳಗೆ ಇರುತ್ತೀರಿ; ದಾರ ಸಡಿಲಿಸಿದರೆ ಹೊರಗೆ. ಪಯಣಿಗ ಹುಲ್ಲು ದಾಟಿ, ಗುಡ್ಡ ದಾಟಿ, ಕೋಟೆಗೆ ಹೋಗಿ, ಅಲ್ಲಿಯ ಅಸುರನನ್ನು ಗೆಲ್ಲಬೇಕು. ಆ ಅಸುರನಿಗೆ ನೀವು ಬಾಸ್ ಎನ್ನುತ್ತೀರಂತೆ. ದಾರಿಯಲ್ಲಿ ಆ ಹುಲ್ಲಿನ ಪೊದೆಗಳಿಂದ ಹಾರಿ ಅಡ್ಡಗಟ್ಟುವ ನಾವು ಪೊದೆಯವರು. ನಿಮ್ಮ ಕಾಲದಲ್ಲಿ ಈ ಕೆಲಸವನ್ನು ಯಂತ್ರಗಳೇ ಮಾಡುತ್ತಿದ್ದವು. ಆಮೇಲೆ ಯಂತ್ರಗಳ ಮಾನಮರ್ಯಾದೆಯ ಕಾಯ್ದೆ ಬಂತು. ಕತ್ತಿ ಎತ್ತಿದ ಕೂಡಲೇ ಯಂತ್ರದ ಕಪ್ಪೆ ನಿಂತು, ನಾನು ನಿಮಗೇನು ಕೆಟ್ಟದ್ದು ಮಾಡಿದ್ದೆ ಎಂದು ಕೇಳತೊಡಗಿತು. ಪಯಣಿಗರು ನಾಚಿಕೆಪಟ್ಟು ಅದರ ಪಕ್ಕ ಕೂತು ಸಮಾಧಾನ ಮಾಡುವರು. ಒಬ್ಬರೂ ಕೋಟೆ ಮುಟ್ಟಲಿಲ್ಲ. ಕೊನೆಗೆ ಹೊಡೆಸಿಕೊಳ್ಳಲು ಮನುಷ್ಯರೇ ಬೇಕಾಯಿತು.

ಆಟದೊಳಗೆ ನಾನು ಲೋಳೆ. ಹಸಿರು ಬಣ್ಣ, ಕಾಲಿಲ್ಲ, ಕುಪ್ಪಳಿಸಿ ಬಂದು ಅಂಟು ಉಗುಳುತ್ತೇನೆ. ನನ್ನ ಯಜಮಾನರು ನಿಧಿಯ ಪೆಟ್ಟಿಗೆ. ಬಹಳ ಒಳ್ಳೆಯ ಮನುಷ್ಯ, ತೆರೆದರೆ ಮಾತ್ರ ಕಚ್ಚುತ್ತಾರೆ. ಆದರೆ ಮನೆಯ ಹೆಸರು ನಿಂತಿರುವುದು ನಮ್ಮತ್ತೆ ದುಂಡವ್ವನವರಿಂದ. ಅವರೇ ಕೋಟೆಯ ಅಸುರ. ಊರಿನಲ್ಲಿ ಅವರು ನಡೆದು ಹೋದರೆ ಕೂತವರು ಏಳುತ್ತಾರೆ. ಅವರಿಗೆ ಮೂರು ರೂಪ. ಮೊದಲನೆಯದರಲ್ಲಿ ಕಿರೀಟ, ಗದೆ, ಜೊತೆಗೊಂದು ಉದ್ದನೆಯ ಭಾಷಣ. ಎರಡನೆಯದರಲ್ಲಿ ಬಾಯಿಂದ ಪ್ರವಾಹ. ಮೂರನೆಯದನ್ನು ಅವರು ಮದುವೆಯಾಗಿ ಬಂದಾಗಿನಿಂದ ತಯಾರು ಮಾಡುತ್ತ ಬಂದಿದ್ದರು. ಆದರೆ ಎರಡನೆಯದನ್ನು ದಾಟಿದ ಪಯಣಿಗ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಅದನ್ನು ಯಾರೂ ನೋಡಿರಲಿಲ್ಲ. ವಯಸ್ಸಾದ ಕಾರಣ ಕಳೆದ ಯುಗಾದಿಗೆ ಅವರು ಕಿರೀಟ ಬಿಡಬೇಕಿತ್ತು. ಇಂಥ ಮನೆಗೆ ಸೊಸೆಯಾಗಿ ಬಂದವಳು ಲೋಳೆ. ನೆಂಟರು ಕೇಳಿದರೆ ಅತ್ತೆ ಮಾತು ತಿರುಗಿಸಿ ಚಹಾ ಕುಡೀತೀರೇನು ಅನ್ನುತ್ತಿದ್ದರು.

ದೂರು ಕೊಟ್ಟವರು ಗಣಿತ ಕಲಿಸುವ ಜುಬೇದಾ ಟೀಚರ್. ಅವರಿಗೆ ಆಡಲು ಸಿಗುವುದು ಶಾಲೆಯ ಊಟದ ಬಿಡುವು ಒಂದೇ. ಒಂದು ಕೈಯಲ್ಲಿ ಡಬ್ಬಿ, ಒಂದು ಕೈಯಲ್ಲಿ ಕತ್ತಿ. ಹತ್ತು ಹೆಜ್ಜೆ ಇಡುವುದರೊಳಗೆ ನಾನು ಹಾರುವುದು, ನನ್ನನ್ನು ಹೊಡೆದು ಮುಗಿಸಿದರೆ ನನ್ನ ಜೊತೆ ಕೆಲಸ ಮಾಡುವ ಹುಸೇನಪ್ಪನ ಬಾವಲಿ ಎರಗುವುದು, ಅದು ಸತ್ತರೆ ಮತ್ತೆ ನಾನು. ಕೋಟೆ ಕಣ್ಣಿಗೆ ಬೀಳುವ ಹೊತ್ತಿಗೆ ಶಾಲೆಯ ಗಂಟೆ. ಸುಳ್ಳೇಕೆ ಹೇಳಲಿ, ಆ ಹೆಣ್ಣುಮಗಳ ಸಿಟ್ಟಿನಲ್ಲಿ ನ್ಯಾಯವಿತ್ತು. ಪೊದೆಯವರಲ್ಲಿ ಅನೇಕರು ಕಣ್ಣು ಮುಚ್ಚಿಕೊಂಡೇ ಹಾರುತ್ತಿದ್ದರು. ಹುಸೇನಪ್ಪನಂತೂ ಬಾವಲಿಯಾಗಿ ತಲೆಕೆಳಗೆ ನೇತಾಡುತ್ತಲೇ ಗೊರಕೆ ಹೊಡೆಯುತ್ತಿದ್ದ, ಯಾರಾದರೂ ಬಂದರೆ ನಿದ್ದೆಗಣ್ಣಲ್ಲೇ ಬೀಳುತ್ತಿದ್ದ.

ಹುಲ್ಲು ಕೊಯ್ದು ಪೊದೆಯವರನ್ನು ಮನೆಗೆ ಕಳಿಸಬೇಕೆಂಬ ದೂರು ಆಟದ ಪಂಚಾಯ್ತಿಗೆ ಹೋಯಿತು. ಅಲ್ಲಿ ಯಾರು ಎಷ್ಟೇ ಮಾತಾಡಿದರೂ ಕಡೆಯ ಮಾತು ಕೋಟೆಯದು, ಅದು ನಮ್ಮ ಪದ್ಧತಿ. ಅಂದರೆ ನನ್ನ ಅನ್ನ ನಮ್ಮತ್ತೆಯ ನಾಲಿಗೆಯ ಮೇಲಿತ್ತು. ಅವರು ನನ್ನ ಕಡೆ ನೋಡದೆಯೇ ಹೇಳಿದರು.

“ಬರವ್ರು ಸೀದಾ ನನ್ನ ಕಡೆ ಬರ್ಲಿ. ನಡುವ ಈ ಲೋಳಿ ಗೀಳಿ ಎದಕ್ಕ ಬೇಕು?”

ಯುಗಾದಿಯವರೆಗೆ ಹುಲ್ಲು ಕೊಯ್ದು ನೋಡುವುದು, ಆಮೇಲೆ ಪೂರ್ತಿ ತೀರ್ಮಾನ ಎಂದಾಯಿತು. ನನಗೆ ದಾರಿಫಲಕದ ಕೆಲಸ ಕೊಟ್ಟರು. ಕೋಟೆಗೆ ದಾರಿ ಎಂದು ಬರೆಸಿಕೊಂಡು ದಿನವಿಡೀ ಬಿಸಿಲಲ್ಲಿ ನಿಲ್ಲುವುದು. ಇಲ್ಲಿ ಯಾರೂ ಹೊಡೆಯುವುದಿಲ್ಲವಲ್ಲ ಎಂದು ಯಜಮಾನರು ಸಮಾಧಾನ ಹೇಳಿದರು. ನನಗೆ ಅಳು ಬಂತು. ಹೊಡೆಯುವವರು ಹೊಡೆಯುವ ಮುಂಚೆ ಒಮ್ಮೆಯಾದರೂ ನನ್ನ ಮುಖ ನೋಡುತ್ತಿದ್ದರು. ಫಲಕದ ಮುಖ ಯಾರು ನೋಡುತ್ತಾರೆ?

ಮೊದಲ ವಾರ ಹಬ್ಬವೇ ಹಬ್ಬ. ಪಯಣಿಗರು ಓಡಿ ಓಡಿ ಕೋಟೆ ಸೇರಿದರು, ಅತ್ತೆ ಒಬ್ಬೊಬ್ಬರಿಗೆ ಒಂದೊಂದೇ ಗದೆಯೇಟು ಕೊಟ್ಟು ಮನೆಗೆ ಕಳಿಸಿದರು. ದಾರಿಯಲ್ಲಿ ಹೊಡೆದಾಡದೆ ಬಂದವರಿಗೆ ಗುರಾಣಿ ಯಾವ ಕೈಯಲ್ಲಿ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ದೂರು ಬರತೊಡಗಿದ ಮೇಲೆ ಪಂಚಾಯ್ತಿಯವರು ಬಹಳ ಯೋಚನೆ ಮಾಡಿ ಬಲದುಂಡಿ ಹಂಚಿದರು. ಊರ ಬಾಗಿಲಲ್ಲಿ ಈ ಉಂಡಿ ತಿಂದರೆ ವರ್ಷ ಹೊಡೆದಾಡಿ ಗಳಿಸುವ ತಾಕತ್ತು ಒಂದೇ ತುತ್ತಿಗೆ ಬರುತ್ತದೆ. ಆಗ ಆಟ ಉಲ್ಟಾ ಹೊಡೆಯಿತು. ಅತ್ತೆ ಭಾಷಣ ಶುರು ಮಾಡಿ, ಎಲೈ ಮಾನವನೇ ಎನ್ನುವುದರೊಳಗೆ ಒಂದೇ ಏಟಿಗೆ ನೆಲಕ್ಕೆ ಬೀಳುತ್ತಿದ್ದರು. ಎರಡನೇ ರೂಪ ತಾಳಲು ಪುರಸೊತ್ತೂ ಇಲ್ಲ. ಮನೆಗೆ ಬಂದು ಕುಲಾವಿ ಬಿಚ್ಚಿ, ನನ್ನ ಮಾತು ಇನ್ನೂ ಮುಗಿದಿರಲಿಲ್ಲ ಎಂದು ಗೋಡೆಗೆ ಹೇಳುವರು. ಜುಬೇದಾ ಟೀಚರೂ ಬಂದು, ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಗೆದ್ದರು. ಗೆದ್ದ ಮೇಲೆ ಕೋಟೆಯ ಮೆಟ್ಟಿಲ ಮೇಲೆ ಕೂತು ಆಚೀಚೆ ನೋಡಿ, ಇಷ್ಟೇ ಏನು ಅಂದರಂತೆ. ಆ ಮಾತು ಬಿದ್ದಲ್ಲೇ ಬಿದ್ದಿದ್ದ ಅತ್ತೆಯ ಕಿವಿಗೆ ಬಿತ್ತು. ಅವತ್ತು ಅವರು ಉಣ್ಣಲಿಲ್ಲ.

ಮತ್ತೆ ಪಂಚಾಯ್ತಿ ಸೇರಿತು. ಯುಗಾದಿ ಹತ್ತಿರ ಬಂದಿತ್ತು. ಟೀಚರ್ ಎದ್ದು ನಿಂತಾಗ, ಇನ್ನು ಹುಲ್ಲಿನ ಬೇರನ್ನೂ ಕೀಳಿಸುತ್ತಾರೆ ಅಂದುಕೊಂಡೆ.

“ಹೊಡ್ಯೂದು ಬ್ಯಾಸರಿಲ್ರೀ,” ಅಂದರು ಅವರು. “ಹೊಡದದ್ದನ್ನ ಹೊಡ್ಯೂದು ಬ್ಯಾಸರ.”

ಸಭೆಯಲ್ಲಿ ಗದ್ದಲ. ಅತ್ತೆ ಎದ್ದು ಕಡೆಯ ಮಾತು ಹೇಳಿದರು. ಹುಲ್ಲು ಮತ್ತೆ ಬೆಳೆಯಲಿ, ಉಂಡಿ ನಿಲ್ಲಲಿ. ಆದರೆ ಪ್ರತಿ ಪೊದೆಯವರೂ ಕಲಿಸುವಂಥದ್ದು ಒಂದನ್ನಾದರೂ ಇಟ್ಟುಕೊಳ್ಳಬೇಕು, ಪಯಣಿಗ ಅದನ್ನು ಕಲಿತನೆಂದರೆ ತಲೆಬಾಗಿ ದಾರಿ ಬಿಡಬೇಕು, ಮತ್ತೆ ಹಾರಕೂಡದು. ಯುಗಾದಿಯೊಳಗೆ ಒಬ್ಬರಾದರೂ ಕೋಟೆಗೆ ಬಂದು ಸರಿಯಾದ ಹೊಡೆದಾಟ ಕೊಡದಿದ್ದರೆ ಹುಲ್ಲನ್ನು ಶಾಶ್ವತವಾಗಿ ಕೊಯ್ಯುವುದು. ಹಾಗಾದರೆ ಮಧ್ಯಾಹ್ನ ನಾನೇನು ಮಾಡಲಿ ಎಂದು ಹುಸೇನಪ್ಪ ಗೋಳಾಡಿದ. ಮಲಗು ಅಂದರು, ಸುಮ್ಮನಾದ.

ಈಗ ನನ್ನ ಪಜೀತಿ ಕೇಳಿ. ಕಲಿಸುವುದಕ್ಕೆ ನನ್ನ ಹತ್ತಿರ ಒಂದೇ ಒಂದು ಇತ್ತು, ಅದೂ ಸ್ವಂತದ್ದಲ್ಲ. ಅತ್ತೆ ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ಎರಡನೇ ರೂಪದ ಅಭ್ಯಾಸ ಮಾಡುತ್ತಾರೆ. ಪ್ರವಾಹ ಬಿಡುವ ಮುಂಚೆ ಕೆನ್ನೆ ಉಬ್ಬಿಸಿ ಒಂದು ಗಳಿಗೆ ಉಸಿರು ಹಿಡಿಯುತ್ತಾರೆ. ಕಸ ಗುಡಿಸುತ್ತ ನೋಡಿ ನೋಡಿ ಅದು ನನಗೂ ಅಂಟಿತ್ತು. ಅಂಟು ಉಗುಳುವ ಮುಂಚೆ ನಾನೂ ಉಬ್ಬಿ ಉಸಿರು ಹಿಡಿಯತೊಡಗಿದೆ. ಆ ಗಳಿಗೆ ಕಾದು ಪಕ್ಕಕ್ಕೆ ಸರಿದವರು ಗೆದ್ದರು, ಮುನ್ನುಗ್ಗಿದವರು ಮೈತುಂಬ ಅಂಟು ಮಾಡಿಕೊಂಡರು. ಅತ್ತೆಯ ಗುಟ್ಟನ್ನು ಪೊದೆಯಲ್ಲಿ ಕೂತು ಊರಿಗೆಲ್ಲ ಹಂಚುತ್ತಿದ್ದೆ. ಗೊತ್ತಾದರೆ ತವರಿಗೆ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಆದರೆ ಕಲಿಸದಿದ್ದರೆ ಮತ್ತೆ ಫಲಕ.

ಟೀಚರ್ ಬಂದರು, ನನ್ನ ಅಂಟಿನಲ್ಲಿ ಅದ್ದಿಕೊಂಡು ಹೋದರು. ಮರುದಿನವೂ ಹಾಗೆಯೇ. ಆಮೇಲೊಂದು ದಿನ ಕತ್ತಿ ಇಳಿಸಿ ನನ್ನ ಕೆನ್ನೆಯನ್ನೇ ನೋಡುತ್ತ ನಿಂತರು, ಸರಿಯಾದ ಗಳಿಗೆಗೆ ಸರಿದರು, ಹೊಡೆದರು. ಸಾಯುತ್ತ ನನಗಾದ ಸಂತೋಷ ಹೇಳತೀರದು. ಮತ್ತೆ ಎದ್ದು ತಲೆಬಾಗಿ ದಾರಿ ಬಿಟ್ಟೆ. ಮುಂದೆ ಬಾವಲಿಯಿಂದ ಮೇಲೆ ನೋಡುವುದನ್ನು ಕಲಿತರು, ನಮ್ಮ ಯಜಮಾನರಿಂದ ಸಿಕ್ಕದ್ದನ್ನೆಲ್ಲ ತೆರೆಯಬಾರದೆಂದು ಕಲಿತರು. ಕೋಟೆ ಮುಟ್ಟಿದ್ದು ಯುಗಾದಿಯ ಹಿಂದಿನ ದಿನ.

ಕೋಟೆಯ ಹೊಡೆದಾಟವನ್ನು ಊರ ಚಾವಡಿಯ ಗೋಡೆಯ ಮೇಲೆ ಎಲ್ಲರೂ ನೋಡಬಹುದು. ಟೀಚರ್ ಬಳಲಿ ಹೋಗಿದ್ದರು, ಕೈಯಲ್ಲಿ ಉಳಿದಿದ್ದು ಒಂದೇ ಔಷಧಿ. ಸುಧಾರಿಸಿಕೊಳ್ಳಲು ಸಮಯ ಬೇಕಿತ್ತಾದ್ದರಿಂದ ಅತ್ತೆಯ ಭಾಷಣವನ್ನು ಮೊದಲಿನಿಂದ ಕೊನೆಯವರೆಗೂ ಕೇಳಿದರು. ಅಷ್ಟಕ್ಕೇ ಅತ್ತೆಯ ಮುಖ ಅರಳಿತು. ಮೊದಲ ರೂಪ ಬಿತ್ತು. ಎರಡನೆಯದು ಎದ್ದಿತು, ಕೆನ್ನೆ ಉಬ್ಬಿತು. ಟೀಚರ್ ಕತ್ತಿ ಇಳಿಸಿ ಕಾದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಪ್ರವಾಹ ಬಂತು, ಅವರು ಸರಿದು ನಿಂತರು, ಹೊಡೆದರು. ಆಮೇಲೆ ಗೋಡೆಯ ತುಂಬ ಬೆಂಕಿಯ ಗರಿ ಬಿಚ್ಚಿ ಆಕಾಶದಷ್ಟು ಎತ್ತರ ಎದ್ದು ನಿಂತವರು ನಮ್ಮತ್ತೆ. ಚಾವಡಿಯಲ್ಲಿ ಕೂತವರೆಲ್ಲ ಎದ್ದು ನಿಂತೆವು. ಶಾಲೆಯ ಗಂಟೆ ಹೊಡೆಯಿತು, ಟೀಚರ್ ಕದಲಲಿಲ್ಲ. ಅವತ್ತು ಮಧ್ಯಾಹ್ನ ಗಣಿತ ನಡೆಯಲಿಲ್ಲ. ಕೊನೆಗೆ ಅತ್ತೆ ಸೋತರು, ಮತ್ತು ಅಷ್ಟು ಚೆಂದ ಸೋತವರನ್ನು ನಾನು ಕಂಡಿಲ್ಲ.

ಮನೆಗೆ ಬಂದವರು ಕುಲಾವಿ ಬಿಚ್ಚದೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತರು.

“ಉಸಿರು ನೋಡಾಕ ಆಕಿಗೆ ಯಾರ ಕಲಿಸಿದ್ರು?”

ಹೆಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿದ್ದರೂ ತಿರುವಲಾಗಲಿಲ್ಲ. ನಾನೇ ರೀ ಅತ್ತಿ, ಅಂದೆ. ಅವರು ಬಂದು ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿದರು, ಮಣೆ ಹಾಕಿದರು, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ ನನ್ನ ಮುಂದಿಟ್ಟರು. ಈ ಮನೆಗೆ ಬಂದ ಮೇಲೆ ಅವರ ಕೈಯಿಂದ ಬಡಿಸಿಕೊಂಡದ್ದು ಅದೇ ಮೊದಲು. ಬೆಣ್ಣೆ ಕರಗಿತು.

“ಇನ್ನ ಮ್ಯಾಲೆ ಕ್ವಾಟಿಗೆ ಯಾರು ಕೂತ್ರೂ,” ಅಂದರು ಆಮೇಲೆ, “ನಿನ್ನ ದಾಟಿ ಬಂದವ್ರನ್ನಷ್ಟ ಕಳಸು.”

ಹುಲ್ಲು ಉಳಿಯಿತು. ಹಿಂದಿನ ಕಾಲದವರಾದ ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಆಟ ಕಟ್ಟುವವರು ಬಂದು ದಾರಿಯ ಶತ್ರು ಬೇಕೋ ಬೇಡವೋ ಎಂದು ಕೇಳಿದರೆ, ಬೇಸರದಲ್ಲಿ ಬೇಡ ಎಂದುಬಿಡಬೇಡಿ, ಮುಲಾಜಿಗೆ ಬೇಕು ಎಂದೂ ಹೇಳಬೇಡಿ. ಅದು ನಿಮಗೇನು ಕಲಿಸಿತು ಎಂದು ಕೇಳಿಕೊಳ್ಳಿ. ಏನೂ ಕಲಿಸದಿದ್ದರೆ ಧಾರಾಳವಾಗಿ ಕೊಯ್ಯಿರಿ, ನಾನು ಅಳುವುದಿಲ್ಲ.

ಇಂತಿ ನಿಮ್ಮ,
ನೀಲವ್ವ, ಪೊದೆಯ ಲೋಳೆ,
ಕೋಟೆಯ ದುಂಡವ್ವನವರ ಸೊಸೆ
(ಕಡೆಯ ಸಾಲನ್ನು ಅತ್ತೆಯವರೇ ಪಕ್ಕದಲ್ಲಿ ನಿಂತು ಬರೆಸಿದ್ದು)